ಮುಂದೆ ಹೋದ ಕೊನೆಯ ವಾಹನ

ಡ್ರೈವರ್: ಹತ್ತಿ ಅಂದ್ರೆ ಹತ್ತಬೇಕು ಅಮ್ಮಾವ್ರೇ. ಸೀಟು ಒರೆಸಿಟ್ಟಿದ್ದೀನಿ. ಫ್ಯಾನೂ ಇದೆ.

ಅಂಗಡಿಯಮ್ಮ: ಆ ಫ್ಯಾನು ನಿನ್ನ ಮುಖಕ್ಕೇ ತಿರುಗಿಸ್ಕೊ. ನಾನು ಓಡ್ತಿರೋದು ನಿನಗೆ ಕಾಣ್ಸಲ್ವಾ?

ಡ್ರೈವರ್: ನಿಜ ಹೇಳ್ಲಾ? ಕಾಣ್ಸಲ್ಲ. ಗಾಡಿ ಮೊದಲನೇ ಗೇರಲ್ಲಿದೆ, ಕಾಲು ಬ್ರೇಕ್ ಮೇಲಿದೆ. ಇದಕ್ಕಿಂತ ನಿಧಾನ ಬೇಕು ಅಂದ್ರೆ ಇಂಜಿನ್ ಆರಿಸಿ, ಕೆಳಗಿಳಿದು ತಳ್ಳಬೇಕು.

ಅಂಗಡಿಯಮ್ಮ: ತಳ್ಳು. ನಿನ್ನ ಹೊಟ್ಟೆಗೂ ಒಳ್ಳೇದು.

ಇಪ್ಪತ್ತೊಂದು ಕಿಲೋಮೀಟರಿನ ಓಟದಲ್ಲಿ ಒಂಬತ್ತು ಮುಗಿದಿದ್ದವು. ಓಡಬಲ್ಲವರೆಲ್ಲ ಓಡಿಹೋಗಿ ಬಹಳ ಹೊತ್ತಾಗಿತ್ತು. ರಸ್ತೆಯಲ್ಲಿ ಉಳಿದಿದ್ದದ್ದು ಅವರು ಎಸೆದುಹೋದ ಕಾಗದದ ಲೋಟಗಳು, ಐವತ್ತೆಂಟು ವರ್ಷದ ಒಬ್ಬ ಹೆಂಗಸು, ಮತ್ತು ಆಕೆಯ ಬೆನ್ನಿಗಂಟಿಕೊಂಡು ಬರುತ್ತಿದ್ದ ಒಂದು ಬಿಳಿ ವ್ಯಾನು. ಹೆಂಗಸು ಔಷಧಿ ಅಂಗಡಿಯ ಒಡತಿ. ವ್ಯಾನು ವಾರದಲ್ಲಿ ಆರು ದಿನ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಒಗೆಯುವ ಕಾರ್ಖಾನೆಗೆ ಸಾಗಿಸುತ್ತದೆ. ವರ್ಷಕ್ಕೊಂದು ಭಾನುವಾರ ಮಾತ್ರ ಹಿಂಬದಿಗೆ ‘ಕೊನೆಯ ವಾಹನ’ ಎಂಬ ಮರದ ಫಲಕ ಕಟ್ಟಿಕೊಂಡು ಈ ಓಟದ ಬಾಲ ಹಿಡಿಯುತ್ತದೆ. ಆ ದಿನ ಅದರ ಕೆಲಸ ಎರಡು: ಎಲ್ಲರಿಗಿಂತ ಹಿಂದಿರುವ ಓಟಗಾರನ ಹಿಂದೆ ಹೋಗುವುದು, ಕೈಲಾಗದವರನ್ನು ಹತ್ತಿಸಿಕೊಳ್ಳುವುದು. ಏಳು ವರ್ಷಗಳಿಂದ ಅದು ನೋಡಿದ್ದು ಇದೊಂದೇ ಬೆನ್ನನ್ನು. ಹತ್ತಿಸಿಕೊಂಡದ್ದು ಮಾತ್ರ ಒಮ್ಮೆಯೂ ಇಲ್ಲ.

ಡ್ರೈವರ್: ಈ ವರ್ಷ ಹಳೇ ಲೆಕ್ಕ ನಡೆಯಲ್ಲ. ಓಟ ಶುರುವಾಗಿ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಕಮಿಟಿಯವರು ಬಾಗಿಲು ಹಾಕ್ತಾರೆ. ಹೋದ ವರ್ಷ ನೀವು ಬಂದಿದ್ದು ಮೂರೂವರೆಗೆ.

ಅಂಗಡಿಯಮ್ಮ: ಮೂರು ಇಪ್ಪತ್ತೊಂಬತ್ತಕ್ಕೆ.

ಡ್ರೈವರ್: ಸರಿ, ಆ ಒಂದು ನಿಮಿಷ ನಿಮ್ಮ ಹೆಸರಲ್ಲೇ ಇರ್ಲಿ. ಆಗಲೂ ಒಂಬತ್ತು ನಿಮಿಷ ಬಾಕಿ ಬಿತ್ತು. ಎಲ್ಲಿಂದ ತರ್ತೀರಿ? ನಿಮ್ಮ ಅಂಗಡೀಲಿ ಸಿಗುತ್ತಾ?

ಅಂಗಡಿಯಮ್ಮ: ಸಿಗಲ್ಲ. ನಿನ್ನ ಬಾಯಿಗೂ ಔಷಧಿ ಸಿಗಲ್ಲ, ಹುಡುಕಿದ್ದೀನಿ.

ಡ್ರೈವರ್: ಮುಗಿಸದೇ ಹೋದ್ರೆ ಏನಾಗುತ್ತೆ ಅಂತೀನಿ? ಆಕಾಶ ಕಳಚಿ ಬೀಳುತ್ತಾ?

ಅಂಗಡಿಯಮ್ಮ: ಭಾನುವಾರ ಕಳಚಿ ಬೀಳುತ್ತೆ. ಮಗನಿಗೆ ಮಾತು ಕೊಟ್ಟಿದ್ದೀನಿ, ಅದೂ ಗಿರಾಕಿಗಳ ಎದುರಿಗೆ. ‘ಈ ವಯಸ್ಸಲ್ಲಿ ಇದೆಲ್ಲ ಯಾಕಮ್ಮ’ ಅಂದ. ಈ ಸಲ ಹೊತ್ತಿಗೆ ಸರಿಯಾಗಿ ಮುಗಿಸದಿದ್ರೆ ಪ್ರತಿ ಭಾನುವಾರದ ಓಟ ಬಿಟ್ಟು ಅವತ್ತೂ ಅಂಗಡೀಲೇ ಕೂರ್ತೀನಿ ಅಂದೆ. ಸಿಟ್ಟಲ್ಲಿ ಅಂದ್ಬಿಟ್ಟೆ.

ಡ್ರೈವರ್: ಕೂತ್ರೆ ನಷ್ಟ ಏನು? ನೆರಳಿದೆ, ಕುರ್ಚಿ ಇದೆ.

ಅಂಗಡಿಯಮ್ಮ: ಕೆಮ್ಮೂ ಇದೆ. ವಾರದಲ್ಲಿ ಆರು ದಿನ ಊರಿನ ಕೆಮ್ಮು, ಕಜ್ಜಿ, ಭೇದಿ ಎಲ್ಲಾ ನನ್ನ ಮುಂದೇ ಬಂದು ನಿಲ್ಲುತ್ತೆ. ನಿನ್ನೆ ಒಬ್ಬರು ನಾಲಿಗೆ ಚಾಚಿ ತೋರಿಸಿದ್ರು. ನಾನು ಕೇಳಿರಲಿಲ್ಲ. ಭಾನುವಾರ ಬೆಳಿಗ್ಗೆ ಮಾತ್ರ ಯಾರೂ ನನಗೆ ನಾಲಿಗೆ ತೋರಿಸಲ್ಲ.

ಡ್ರೈವರ್: ನನ್ನ ಮೊಣಕಾಲಿನ ಕಥೆ ಏಳು ವರ್ಷದಿಂದ ಹೇಳ್ತಾ ಬಂದಿದ್ದೀನಲ್ಲ?

ಅಂಗಡಿಯಮ್ಮ: ನೀನು ಹೇಳ್ತಿರ್ತೀಯ, ನಾನು ಓಡ್ತಿರ್ತೀನಿ. ಅಂಗಡೀಲಿ ಆ ಸೌಕರ್ಯ ಇಲ್ಲ. ಸಾಕು, ಹಲ್ಲಿನ ವಿಷಯಕ್ಕೆ ಬಾ. ಬಟ್ಟೆಗಂಟಲ್ಲಿ ಹಲ್ಲು ಸಿಕ್ತು ಅಂದ್ಯಲ್ಲ.

ಡ್ರೈವರ್ ಗಂಟಲು ಸರಿಮಾಡಿಕೊಂಡ. ವರ್ಷವಿಡೀ ಮಾತಾಡದ ಬಟ್ಟೆಗಂಟುಗಳ ಜೊತೆ ತಿರುಗುವ ಮನುಷ್ಯ. ಒಂದು ಕಿವಿ ಸಿಕ್ಕರೆ ಬಿಡುವವನಲ್ಲ.

ಡ್ರೈವರ್: ಗುರುವಾರದ ಮಾತು. ಗಂಡಸರ ವಾರ್ಡು, ಹೆಂಗಸರ ವಾರ್ಡು, ಎರಡರ ಹೊದಿಕೆಗಳನ್ನೂ ಒಂದೇ ಗಂಟು ಕಟ್ಟಿದ್ರು. ಕಾರ್ಖಾನೇಲಿ ಗಂಟು ಬಿಚ್ಚಿದ್ರೆ, ಮಡಿಕೆಯೊಳಗಿಂದ ಹಲ್ಲುಸೆಟ್ಟು ನನ್ನ ನೋಡಿ ನಗ್ತಾ ಕೂತಿದೆ.

ಅಂಗಡಿಯಮ್ಮ: ಬರಿಗೈಯಲ್ಲಿ ಮುಟ್ಟಿದ್ಯಾ?

ಡ್ರೈವರ್: ಇಕ್ಕಳದಲ್ಲಿ ಹಿಡ್ಕೊಂಡೆ. ಡಬ್ಬಿಗೆ ಹಾಕ್ಕೊಂಡು ಆಸ್ಪತ್ರೆಗೆ ವಾಪಸ್ ಹೋದೆ. ಮೆಟ್ಟಿಲು ಹತ್ತಿ, ಎರಡು ವಾರ್ಡಿನ ನಡುವೆ ನಿಂತು, ‘ಯಾರದ್ರೀ ಹಲ್ಲು’ ಅಂತ ಕೂಗಿದ್ದೇ ತಡ...

ಮಾತು ಅಲ್ಲಿಗೇ ನಿಂತಿತು. ಅಂಗಡಿಯಮ್ಮ ಐವತ್ತು ಹೆಜ್ಜೆ ಹೋದ ಮೇಲೆ ತಿರುಗಿ ನೋಡಿದಳು. ವ್ಯಾನು ಹಿಂದೆಯೇ ನಿಂತುಬಿಟ್ಟಿತ್ತು. ರಸ್ತೆಯ ಅಂಚಿನ ಮರದ ಕೆಳಗೆ ಒಬ್ಬ ತೆಳ್ಳಗಿನ ಮನುಷ್ಯ ನಿಂತು ತನ್ನ ಮುಂಗೈಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದುತ್ತಿದ್ದರು. ಎದೆಯ ಮೇಲೆ ಓಟದ ನಂಬರು ಇತ್ತು. ಆಕೆ ಹಲ್ಲಿನ ಗುಂಗಿನಲ್ಲಿ ಅವರನ್ನು ದಾಟಿ ಬಂದುಬಿಟ್ಟಿದ್ದಳು.

ಅಂಗಡಿಯಮ್ಮ: ಯಾಕೆ ನಿಂತೆ? ಕೂಗಿದ್ದೇ ತಡ, ಏನಾಯ್ತು?

ಡ್ರೈವರ್: ನೀವು ಹೋಗಿ ಅಮ್ಮಾವ್ರೇ. ನೀವೀಗ ಕೊನೆಯವರಲ್ಲ. ಇವರು ಕೊನೆ. ನಾನು ಇವರ ಹಿಂದೆ ಬರಬೇಕು. ರೂಲು.

ಅಂಗಡಿಯಮ್ಮ: ಆ ವಾಕ್ಯ ಮುಗಿಸಿ ನಿಲ್ಲಬಾರದಿತ್ತಾ?

ಏಳು ವರ್ಷದಲ್ಲಿ ಆಕೆ ಒಬ್ಬ ಮನುಷ್ಯನನ್ನು ಹಿಂದೆ ಹಾಕಿದ್ದು ಇದೇ ಮೊದಲು. ಹಿಗ್ಗಬೇಕಾದ ಹೊತ್ತು. ಆಕೆ ಹಿಗ್ಗಲಿಲ್ಲ. ಮುಂದೆ ಖಾಲಿ ರಸ್ತೆ, ಕಿವಿಯಲ್ಲಿ ತನ್ನದೇ ಏದುಸಿರು. ಹಿಂದಿನಿಂದ ಮಾತು ತುಂಡುತುಂಡಾಗಿ ಕೇಳಿಸುತ್ತಿತ್ತು.

ಡ್ರೈವರ್: ಏನ್ ಸಾರ್, ಕೈ ಓದ್ಕೊಳ್ತಿದ್ದೀರಿ? ಭವಿಷ್ಯಾನಾ?

ಮೇಷ್ಟ್ರು: ಸ್ಫೂರ್ತಿ. ನಾನು ಲೆಕ್ಕದ ಮೇಷ್ಟ್ರು, ಹೋದ ತಿಂಗಳು ನಿವೃತ್ತಿ ಆಯ್ತು. ಓಟದ ಬಗ್ಗೆ ಒಂದು ಪುಸ್ತಕ ತಂದು ಓದಿದೆ. ಒಂದೊಂದು ಕಿಲೋಮೀಟರಿಗೆ ಒಂದೊಂದು ಸ್ಫೂರ್ತಿಯ ವಾಕ್ಯ ಬರ್ಕೊಳ್ಳಿ ಅಂತಿತ್ತು. ಮಸೀಲಿ ಬರ್ಕೊಂಡೆ. ಬೆವರಿಗೆ ಹೋಗ್ತಿದೆ.

ಡ್ರೈವರ್: ಹತ್ತನೇದು ಏನಿದೆ ನೋಡಿ, ಈಗ ಬರೋದು ಹತ್ತನೇ ಕಲ್ಲು.

ಮೇಷ್ಟ್ರು: ‘ನೋವು’ ಅಂತ ಮಾತ್ರ ಉಳಿದಿದೆ. ಆಮೇಲೆ ಏನಿತ್ತು ಅಂತ ಜ್ಞಾಪಕ ಬರ್ತಿಲ್ಲ.

ಡ್ರೈವರ್: ಉಳಿಯಬೇಕಾದ್ದು ಉಳಿದಿದೆ ಬಿಡಿ.

ಮೇಷ್ಟ್ರು: ಹನ್ನೊಂದನೇದು ಓದಕ್ಕೆ ಬರುತ್ತೆ. ‘ಮುಗುಳ್ನಗುತ್ತಾ ಓಡು.’ ಅದನ್ನ ಈಗಲೇ ಅಭ್ಯಾಸ ಮಾಡ್ತಿದ್ದೀನಿ.

ಡ್ರೈವರ್: ಇದು ಮುಗುಳ್ನಗೇನಾ? ನಾನು ಹೊಟ್ಟೆನೋವು ಅಂದ್ಕೊಂಡೆ.

ಮೇಷ್ಟ್ರು: ನೀರು ಕೊಡೋ ಹೆಂಗಸೂ ಹಾಗೇ ಅಂದ್ಕೊಂಡು ಎರಡು ಮಾತ್ರೆ ಕೊಟ್ರು. ಓಟದ ಆನಂದ ಏಳನೇ ಕಿಲೋಮೀಟರಿಗೆ ತಾನಾಗೇ ಬರುತ್ತೆ ಅಂತ ಬರೆದಿದ್ದಾನೆ ಪುಣ್ಯಾತ್ಮ. ಆಗಿನಿಂದ ಕಾಯ್ತಿದ್ದೀನಿ.

ಡ್ರೈವರ್ ನಕ್ಕ. ಮೇಷ್ಟ್ರೂ ನಕ್ಕರು. ಈ ಸಲ ಅದು ನಿಜವಾದ ನಗೆ. ಮುಂದೆ ಹೋಗುತ್ತಿದ್ದ ಅಂಗಡಿಯಮ್ಮನ ಬೆನ್ನಿಗೆ ಅದು ಬಂದು ತಾಗಿತು. ‘ಸಾರ್, ಗುರುವಾರದ ಮಾತು ಹೇಳ್ತೀನಿ ಕೇಳಿ’ ಎಂದು ಡ್ರೈವರ್ ಶುರುಮಾಡಿದ್ದೂ ಕೇಳಿಸಿತು. ಆಕೆ ನಿಂತು, ಬಿಗಿಯಾಗಿದ್ದ ಬೂಟಿನ ಲೇಸನ್ನು ಬಿಚ್ಚಿ, ಕಟ್ಟಲು ಕೂತಳು.

ಮೇಷ್ಟ್ರು: ಏನಾಯ್ತು ಮೇಡಂ? ಕಾಲು ಉಳುಕಿತಾ?

ಅಂಗಡಿಯಮ್ಮ: ಲೇಸು ಬಿಚ್ಚಿದೆ. ನೀವು ಮುಂದೆ ಹೋಗಿ.

ಮೇಷ್ಟ್ರು: ಪರವಾಗಿಲ್ಲ, ಕಾಯ್ತೀನಿ. ನಿಮ್ಮನ್ನ ರಸ್ತೇಲಿ ಒಂಟಿಯಾಗಿ ಬಿಟ್ಟು ಹೇಗೆ ಹೋಗೋದು?

ಅಂಗಡಿಯಮ್ಮ: ಒಂಟಿ ಎಲ್ಲಿ? ವ್ಯಾನಿದೆ.

ಮೇಷ್ಟ್ರು: ವ್ಯಾನು ನನ್ನ ಹಿಂದೆ ಅಲ್ವಾ ಬರೋದು?

ಅಂಗಡಿಯಮ್ಮ: ಅದೇ ನಾನು ಹೇಳ್ತಿರೋದು. ನೀವು ಮುಂದೆ ಹೋದ್ರೆ ಅದು ನನ್ನ ಹಿಂದೆ ಬರುತ್ತೆ.

ಮೇಷ್ಟ್ರು: ಅಯ್ಯೋ, ಹತ್ತಿಬಿಡೋ ಯೋಚನೇನಾ? ಧೈರ್ಯಗೆಡಬೇಡಿ. ಇಲ್ಲಿ ಒಂದು ವಾಕ್ಯ ಇದೆ, ನಿಮಗೇ ಹೇಳಿಮಾಡಿಸಿದ ಹಾಗಿದೆ. ‘ಸೋಲು ಇರುವುದು ಕಾಲಲ್ಲಲ್ಲ, ತಲೆ...’ ತಲೆಯಿಂದ ಮುಂದಕ್ಕೆ ಅಳಿಸಿಹೋಗಿದೆ.

ಅಂಗಡಿಯಮ್ಮ: ಅದು ಕಾಣ್ತಿದೆ. ನೋಡಿ, ಧೈರ್ಯ ನನ್ನ ಹತ್ರ ಬೇಕಾದಷ್ಟಿದೆ. ನನಗೆ ಬೇಕಾಗಿರೋದು ಕೊನೇ ಜಾಗ.

ಮೇಷ್ಟ್ರು: ಕೊನೇ ಜಾಗ ಯಾರಿಗೆ ಬೇಕಾಗುತ್ತೆ?

ಅಂಗಡಿಯಮ್ಮ: ನಿಮಗೆ ಬೇಡ ತಾನೇ? ಒಳ್ಳೇದಾಯ್ತು. ಹೊರಡಿ.

ಮೇಷ್ಟ್ರು ಹೊರಡಲಿಲ್ಲ. ಅವರೂ ಬಗ್ಗಿ ತಮ್ಮ ಲೇಸನ್ನು ಬಿಚ್ಚಿದರು.

ಮೇಷ್ಟ್ರು: ಮೇಡಂ, ಮನಸ್ಸಿನಲ್ಲಿ ಇಟ್ಕೊಳ್ಳದೆ ಹೇಳ್ತೀನಿ. ಈ ಡ್ರೈವರ್ ಸಿಗೋವರೆಗೆ ಒಂಬತ್ತು ಕಿಲೋಮೀಟರು ನನ್ನ ಉಸಿರು ನಾನೇ ಕೇಳ್ಕೊಂಡು ಬಂದೆ. ಚೆನ್ನಾಗಿರಲಿಲ್ಲ. ಈಗ ಐದು ನಿಮಿಷದಿಂದ ಜೀವ ಬಂದಿದೆ. ಬಿಟ್ಟುಕೊಡಕ್ಕೆ ಆಗಲ್ಲ.

ಅಂಗಡಿಯಮ್ಮ: ಅದು ಏಳು ವರ್ಷದ ಜಾಗ. ಬೆವರು ಸುರಿಸಿ ಸಂಪಾದಿಸಿದ್ದು.

ಡ್ರೈವರ್: ನಿಧಾನ ಹೋಗಿ ಸಂಪಾದಿಸಿದ್ದು. ಅದೇನು ಮಹಾ ಸಿಂಹಾಸನಾನಾ, ಇಬ್ಬರೂ ಕಿತ್ತಾಡಕ್ಕೆ? ಜೊತೆಯಾಗಿ ಓಡಿ, ಇಬ್ಬರಿಗೂ ಹೇಳ್ತೀನಿ.

ಅಂಗಡಿಯಮ್ಮ: ನಿನ್ನ ಕಿಟಕಿ ಒಂದೇ ಕಡೆ ಇದೆ. ಕಿಟಕಿ ಪಕ್ಕ ಯಾರು?

ಮೇಷ್ಟ್ರು: ಇಂಥದಕ್ಕೆ ಸರದಿ ಅಂತ ಮಾಡಬಹುದು. ಇನ್ನೂರು ಮೀಟರಿಗೊಂದು ಸಲ ಬದಲಾಯಿಸಿದ್ರೆ...

ಅಂಗಡಿಯಮ್ಮ: ಮೊದಲು ಯಾರು?

ಮೇಷ್ಟ್ರು: ಹಿರಿಯರು ಮೊದಲು.

ಅಂಗಡಿಯಮ್ಮ: ಯಾರನ್ನ ಹಿರಿಯರು ಅಂತಿದ್ದೀರಿ?

ಅಲ್ಲಿಗೆ ಸಂಧಾನ ಮುರಿಯಿತು. ಮುಂದಿನ ಮೂರು ಕಿಲೋಮೀಟರು ಆ ಊರಿನ ಓಟದ ಚರಿತ್ರೆಯಲ್ಲೇ ಅತಿ ನಿಧಾನವಾದ ಸ್ಪರ್ಧೆ ನಡೆಯಿತು. ಆಕೆ ನಡೆದರೆ ಅವರು ನಿಲ್ಲುವರು. ಅವರು ನಿಂತರೆ ಆಕೆ ಕಾಂಪೌಂಡಿಗೆ ಕೈಯೂರಿ ಕಾಲು ಎಳೆದುಕೊಳ್ಳುವಳು. ನೀರಿನ ಮೇಜಿನ ಬಳಿ ಆಕೆ ಮೂರು ಲೋಟ ಕುಡಿದಳು. ಮೇಷ್ಟ್ರು ನಾಲ್ಕು ಕುಡಿದು, ಲೋಟಗಳನ್ನು ಒಂದರೊಳಗೊಂದು ಜೋಡಿಸಿ ಕೊಟ್ಟರು. ನೀರಿನವಳು ಮೇಜು ಮಡಚಿಕೊಂಡು ಇವರಿಬ್ಬರನ್ನೂ ದಾಟಿ ಮನೆಗೆ ಹೋದಳು. ಇಬ್ಬರೂ ಓದಿದವರು.

ಡ್ರೈವರ್: ಹದಿಮೂರನೇ ಕಲ್ಲು ಬಂತು. ಕಥೆ ನಿಲ್ಸಿದ್ದೀನಿ, ಇಬ್ಬರಿಗೂ ಇಲ್ಲ. ಗಂಟೆ ನೋಡ್ಕೊಳ್ಳಿ. ಎರಡು ಗಂಟೆ ಎಂಟು ನಿಮಿಷ.

ಮೇಷ್ಟ್ರು: ಅಂದ್ರೆ ಉಳಿದಿರೋದು ಎಂಟು ಕಿಲೋಮೀಟರು, ಎಪ್ಪತ್ತೆರಡು ನಿಮಿಷ. ಕಿಲೋಮೀಟರಿಗೆ ಒಂಬತ್ತು. ಇಲ್ಲಿವರೆಗೆ ನಾವು ಹತ್ತರ ಹತ್ತಿರ ತಗೊಂಡಿದ್ದೀವಿ. ಅಂದ್ರೆ...

ಅಂಗಡಿಯಮ್ಮ: ಅಂದ್ರೆ ಭಾನುವಾರ ಹೋಯ್ತು.

ಇದನ್ನು ಆಕೆ ಜಗಳದ ದನಿಯಲ್ಲಿ ಹೇಳಲಿಲ್ಲ. ಔಷಧಿ ಚೀಟಿ ಓದುವವರಂತೆ, ಏರಿಳಿತವಿಲ್ಲದೆ ಹೇಳಿದಳು. ಡ್ರೈವರಿಗೆ ಅದು ಹಿಡಿಸಲಿಲ್ಲ. ಏಳು ವರ್ಷ ‘ಹತ್ತಿ, ಹತ್ತಿ’ ಎಂದವನು ಈಗ ಬಾಗಿಲ ಕಡೆ ಕೈ ಚಾಚಲಿಲ್ಲ.

ಡ್ರೈವರ್: ಇದೆಲ್ಲ ನನ್ನ ಬಾಯಿಂದ ಆಗಿದ್ದು. ಈ ಬಾಯಿ ಹಿಂದೆ ಇರೋವರೆಗೆ ನೀವಿಬ್ಬರೂ ಮುಂದೆ ಹೋಗಲ್ಲ.

ಅವನು ಎರಡನೇ ಗೇರು ಹಾಕಿದ. ವ್ಯಾನು ನರಳಿತು. ಬೆಳಗಿನಿಂದ ಅದು ಆ ಗೇರನ್ನು ಕಂಡಿರಲಿಲ್ಲ.

ಅಂಗಡಿಯಮ್ಮ: ಏಯ್, ಎಲ್ಲಿಗೆ? ನೀನು ಹಿಂದೆ ಇರಬೇಕಾದವನು.

ಡ್ರೈವರ್: ಹದಿನಾಲ್ಕನೇ ಕಲ್ಲಿನ ಹತ್ರ ನಿಂತಿರ್ತೀನಿ. ಒಂಬತ್ತು ನಿಮಿಷ ಟೈಮು. ತಡ ಆದ್ರೆ ಆ ಹಲ್ಲಿನ ಮೊದಲನೇ ವಾರಸುದಾರ ಯಾರು ಅಂತ ನಿಮಗೆ ಈ ಜನ್ಮದಲ್ಲಿ ಗೊತ್ತಾಗಲ್ಲ.

ಮೇಷ್ಟ್ರು: ಮೊದಲನೇ ಅಂದ್ರೆ? ಎಷ್ಟು ಜನ ಇದ್ದಾರೆ?

ಡ್ರೈವರ್: ಮೂರು.

ವ್ಯಾನು ತಿರುವಿನಲ್ಲಿ ಮರೆಯಾಯಿತು. ‘ಇದು ನಿಯಮಕ್ಕೆ ವಿರುದ್ಧ’ ಎಂದರು ಮೇಷ್ಟ್ರು. ಹಾಗೆನ್ನುವ ಹೊತ್ತಿಗೆ ಓಡಲು ಶುರುಮಾಡಿಯಾಗಿತ್ತು. ಆಕೆ ಅವರಿಗಿಂತ ನಾಲ್ಕು ಹೆಜ್ಜೆ ಮುಂದಿದ್ದಳು.

ಹದಿನಾಲ್ಕನೇ ಕಲ್ಲಿನ ಬಳಿ ಡ್ರೈವರ್ ಕಿಟಕಿಗೆ ಮೊಣಕೈ ಕೊಟ್ಟು ಕಾಯುತ್ತಿದ್ದ.

ಡ್ರೈವರ್: ಎಂಟೂವರೆ ನಿಮಿಷ. ಭಲೆ. ನಿಲ್ಲಬೇಡಿ, ಓಡ್ತಾನೇ ಕೇಳ್ಕೊಳ್ಳಿ. ನಾಲ್ಕನೇ ಮಂಚದ ಮುದುಕಪ್ಪ, ‘ನಂದು’ ಅಂದ. ಬಾಯಿ ತೆಗೀರಿ ಅಂದ್ರೆ ಬಾಯ್ತುಂಬ ಹಲ್ಲಿದೆ. ಇದೇನ್ರೀ ಅಂದ್ರೆ, ‘ಇದು ದಿನಬಳಕೆದು, ಅದು ನೆಂಟರು ಬಂದಾಗ ಹಾಕ್ಕೊಳ್ಳೋದು’ ಅಂದ. ಎರಡನೆಯವರು ಹದಿನಾರರಲ್ಲಿ.

ವ್ಯಾನು ಮತ್ತೆ ಮುಂದೆ ಹೋಯಿತು.

ಅಂಗಡಿಯಮ್ಮ: ಸುಳ್ಳು. ನಾಲ್ಕನೇ ಮಂಚದಲ್ಲಿರೋದು ನನ್ನ ಗಿರಾಕಿ, ಅವನಿಗೆ ಹಲ್ಲಿನ ಅಂಟು ಕೊಡೋಳು ನಾನು. ತಿಂಗಳಿಗೊಂದು ಟ್ಯೂಬು. ಎರಡು ಸೆಟ್ಟು ಇದ್ದಿದ್ರೆ ಎರಡು ತಗೊಳ್ತಿದ್ದ.

ಮೇಷ್ಟ್ರು: ಹಾಗೆ ಹೇಳಕ್ಕಾಗಲ್ಲ. ಒಂದು ಸಲಕ್ಕೆ ಒಂದೇ ಸೆಟ್ಟು ಹಾಕೋದು. ಬಾಯಿ ಒಂದೇ. ಆದ್ದರಿಂದ ಅಂಟೂ ಒಂದೇ.

ಅಂಗಡಿಯಮ್ಮ: ಎಷ್ಟು ವರ್ಷ ಲೆಕ್ಕ ಹೇಳಿದ್ದೀರಿ?

ಮೇಷ್ಟ್ರು: ಮೂವತ್ನಾಲ್ಕು.

ಅಂಗಡಿಯಮ್ಮ: ಪಾಪ ಮಕ್ಕಳು.

ಮೇಷ್ಟ್ರು: ವಾದ ತಪ್ಪಾಗಿದ್ರೆ ತೋರಿಸಿ.

ಅಂಗಡಿಯಮ್ಮ: ಉಸಿರು ಬಂದ ಮೇಲೆ ತೋರಿಸ್ತೀನಿ. ಸ್ವಲ್ಪ ಬೇಗ ಹೆಜ್ಜೆ ಹಾಕಿ.

ಹದಿನಾರನೇ ಕಲ್ಲಿನಲ್ಲಿ ಎರಡನೆಯವರು ಬಂದರು.

ಡ್ರೈವರ್: ಒಂಬತ್ತನೇ ಮಂಚದ ಅಜ್ಜಿ. ‘ನಂದಲ್ಲ, ನನ್ನ ಗಂಡಂದು’ ಅಂದ್ರು. ಗಂಡ ಎಲ್ಲಿ ಅಂದ್ರೆ, ಹೋಗಿ ಆರು ವರ್ಷ ಆಯ್ತಂತೆ. ಹಲ್ಲು ದಿಂಬಿನ ಕೆಳಗಿಟ್ಕೊಂಡು ಮಲಗ್ತಾರಂತೆ. ಮೂರನೇದು ಹದಿನೆಂಟರಲ್ಲಿ. ಮೇಷ್ಟ್ರೇ, ಕೈ ಬೀಸಿ ಓಡಿ, ಕಾಗದ ಪತ್ರ ಹಿಡ್ಕೊಂಡವರ ಥರ ಇದ್ದೀರಿ.

ಈಗ ಇಬ್ಬರೂ ಪಕ್ಕಪಕ್ಕದಲ್ಲಿ ಓಡುತ್ತಿದ್ದರು. ಯಾವ ಪಕ್ಕ ಯಾರು ಎಂದು ಯಾರೂ ಕೇಳಲಿಲ್ಲ. ಸಾಲು ಮನೆಗಳ ಮುಂದೆ ಬಟ್ಟೆ ಹರವುತ್ತಿದ್ದ ಹೆಂಗಸೊಬ್ಬಳು ಓಟದ ಉಡುಪಿನ ಇಬ್ಬರು ಹಿರಿಯರು ಯಾರದೋ ಹಲ್ಲಿಗಾಗಿ ಜಗಳವಾಡುತ್ತ ಹೋದದ್ದನ್ನು ಕಂಡು ಒಳಗೆ ಹೋಗಿ ಗಂಡನನ್ನು ಕರೆದುಕೊಂಡು ಬಂದಳು. ಅಷ್ಟರಲ್ಲಿ ಅವರು ದಾಟಿಹೋಗಿದ್ದರು. ಹಾಗೆ ದಾಟಿಹೋಗುವ ವೇಗ ಅವರಿಬ್ಬರಿಗೂ ಹೊಸದು.

ಅಂಗಡಿಯಮ್ಮ: ಅಜ್ಜಿ ಹೇಳೋದು ನಿಜ. ದಿಂಬಿನ ಕೆಳಗಿದ್ರೆ ತಾನೇ ಹೊದಿಕೆ ಜೊತೆ ಗಂಟಿಗೆ ಹೋಗೋದು?

ಮೇಷ್ಟ್ರು: ಅದು ಸಾಕ್ಷಿ ಆಗಲ್ಲ. ಮುದುಕಪ್ಪಾನೂ ದಿಂಬಿನ ಕೆಳಗೆ ಇಡಬಹುದು. ಅಲ್ಲ ಮೇಡಂ, ಒಂದು ಮಾತು. ನಾನು ಕೈ ನೋಡ್ಕೊಂಡು ನಾಲ್ಕು ಕಿಲೋಮೀಟರಾಯ್ತು. ಪುಸ್ತಕದಲ್ಲಿ ಹೇಳಿರೋ ಆನಂದ ಇದೇನಾ?

ಅಂಗಡಿಯಮ್ಮ: ಆನಂದ ಗೀನಂದ ನನಗೆ ಗೊತ್ತಿಲ್ಲ. ಹಿಮ್ಮಡಿ ಉರೀತಿದೆ, ಸೊಂಟ ಯಾರದೋ ಅನ್ನಿಸ್ತಿದೆ. ಗಂಡನ ಹಲ್ಲು ಯಾಕೆ ಇಟ್ಕೊಂಡಿದ್ದಾಳೆ, ಅದನ್ನ ಯೋಚನೆ ಮಾಡಿ.

ಮೇಷ್ಟ್ರು: ಪ್ರೀತಿ ಇರಬಹುದು.

ಅಂಗಡಿಯಮ್ಮ: ಪ್ರೀತಿ ಇದ್ದಿದ್ರೆ ಫೋಟೋ ಇಟ್ಕೊಳ್ತಿದ್ಳು. ಇದು ಬೇರೆ ಏನೋ.

ಹದಿನೆಂಟನೇ ಕಲ್ಲು. ಮೂರನೆಯವನು ವಾರ್ಡಿನ ಕಾವಲುಗಾರ. ಬಾಯಲ್ಲಿ ಮೂವತ್ತೆರಡೂ ಸ್ವಂತ ಹಲ್ಲು. ಆದರೂ ಹಲ್ಲುಸೆಟ್ಟು ತನ್ನ ಅತ್ತೆಯದೆಂದು ಹೇಳಿದ. ಅತ್ತೆ ಅಳಿಯನಿಗೆ ಊಟ ತಂದಾಗ, ಬಾಯಿ ನೋಯುತ್ತದೆಂದು ತೆಗೆದು ಖಾಲಿ ಮಂಚದ ಮೇಲಿಟ್ಟು ಮರೆತಳಂತೆ.

ಅಂಗಡಿಯಮ್ಮ: ಅವನದೇ ನಿಜ.

ಮೇಷ್ಟ್ರು: ಎರಡು ಕಿಲೋಮೀಟರು ಹಿಂದೆ ಅಜ್ಜಿ ನಿಜ ಅಂದ್ರಿ.

ಅಂಗಡಿಯಮ್ಮ: ಆಗ ಇವನ ವಿಷಯ ಗೊತ್ತಿರಲಿಲ್ಲ. ಇಲ್ಲದ ಅತ್ತೆಯನ್ನ ಯಾವ ಅಳಿಯ ತಾನಾಗಿ ಹುಟ್ಟಿಸ್ಕೊಳ್ತಾನೆ?

ಇಪ್ಪತ್ತನೇ ಕಲ್ಲಿನ ಬಳಿ ವ್ಯಾನು ಕೊನೆಯ ಸಲ ನಿಂತಿತ್ತು.

ಡ್ರೈವರ್: ದೊಡ್ಡ ಡಾಕ್ಟ್ರು ಬಂದ್ರು. ಮೂವರನ್ನೂ ನೋಡಿದ್ರು. ಹಲ್ಲು ಕುದಿಸಕ್ಕೆ ಹೇಳಿದ್ರು. ‘ಒಬ್ಬೊಬ್ಬರಾಗಿ ಇದನ್ನ ಹಾಕ್ಕೊಂಡು ಒಂದೊಂದು ಬಿಸ್ಕತ್ತು ಕಚ್ಚಿ. ಯಾರ ಬಾಯಲ್ಲಿ ಅಲ್ಲಾಡದೆ ನಿಲ್ಲುತ್ತೋ ಅವರಿಗೆ’ ಅಂದ್ರು. ಉಳಿದದ್ದು ಗೆರೆ ದಾಟಿದ ಮೇಲೆ.

ಅಂಗಡಿಯಮ್ಮ: ಒಂದೇ ಒಂದು ಮಾತು. ಅಜ್ಜಿ ಕಚ್ಚಿದ್ಳಾ?

ಡ್ರೈವರ್: ಗೆರೆ ದಾಟಿ ಅಮ್ಮಾವ್ರೇ, ಗೆರೆ.

ವ್ಯಾನು ಹೊಗೆಯುಗುಳಿಕೊಂಡು ಹೋಯಿತು. ಇಬ್ಬರೂ ಕೊನೆಯ ತಿರುವು ಕಳೆದು ಮೈದಾನದ ನೇರ ರಸ್ತೆಗೆ ಬಂದಾಗ ಅಂಗಡಿಯಮ್ಮನ ಗಡಿಯಾರದಲ್ಲಿ ಮೂರು ಗಂಟೆ ಹದಿನೈದು ನಿಮಿಷ. ಐದು ನಿಮಿಷ ಉಳಿದಿತ್ತು. ಏಳು ವರ್ಷದಲ್ಲಿ ಆಕೆ ಇಷ್ಟು ಬೇಗ ಬಂದದ್ದಿಲ್ಲ.

ಮುಕ್ತಾಯದ ಗೆರೆಯ ಮೇಲೆ ಒಂದು ಮೇಜು ಅಡ್ಡಲಾಗಿ ನಿಂತಿತ್ತು. ಕುರ್ಚಿಗಳು ಲಾರಿಗೆ ಏರುತ್ತಿದ್ದವು. ಸ್ವಾಗತದ ಕಮಾನಿಗೆ ಒಂದೇ ಕಾಲು ಉಳಿದಿತ್ತು. ಮೇಜಿನ ಹಿಂದೆ ಕನ್ನಡಕದ ಹೆಂಗಸೊಬ್ಬಳು ಹಾಳೆಗಳಿಗೆ ಪಿನ್ನು ಹೊಡೆಯುತ್ತಿದ್ದಳು. ಓಟಗಾರರ ಸಮಯ ಬರೆಯುವ ಅಧಿಕಾರ ಅವಳದು. ಉಳಿದ ದಿನಗಳಲ್ಲಿ ಪರೀಕ್ಷೆ ನಡೆಸುವ ಇಲಾಖೆಯಲ್ಲಿ ಕೆಲಸ.

ಸಮಯದಾಕೆ: ಓಟ ಮುಗೀತು. ನೀರು ಆ ಕಡೆ ಇದೆ.

ಅಂಗಡಿಯಮ್ಮ: ಇನ್ನೂ ಐದು ನಿಮಿಷ ಇದೆ.

ಸಮಯದಾಕೆ: ಗಡಿಯಾರದಲ್ಲಿದೆ, ಓಟದಲ್ಲಿಲ್ಲ. ಕೊನೆಯ ವಾಹನ ಗೆರೆ ದಾಟಿ ಒಳಗೆ ಬಂತು. ಅದು ಬಂದ್ರೆ ರಸ್ತೇಲಿ ಯಾರೂ ಇಲ್ಲ ಅಂತ. ಹಾಳೇಲಿ ಗೆರೆ ಎಳೆದೆ.

ಮೇಷ್ಟ್ರು: ನಾವಿದ್ದೀವಲ್ಲ.

ಸಮಯದಾಕೆ: ನೀವಿಲ್ಲ.

ಡ್ರೈವರ್ ಲಾರಿಯ ಮರೆಯಿಂದ ಬಂದ. ಮುಖ ನೋಡಿದರೆ ಹಾಲು ಕುಡಿದ ಬೆಕ್ಕು ಸಿಕ್ಕಿಬಿದ್ದ ಹಾಗಿತ್ತು.

ಡ್ರೈವರ್: ತಪ್ಪು ನಂದು ಮೇಡಂ. ನಾನು ಸ್ವಲ್ಪ ಮುಂದೆ ಬಂದ್ಬಿಟ್ಟೆ.

ಸಮಯದಾಕೆ: ಎಷ್ಟು ಮುಂದೆ?

ಡ್ರೈವರ್: ಎಂಟು ಕಿಲೋಮೀಟರು.

ಸಮಯದಾಕೆ: ಯಾಕೆ?

ಡ್ರೈವರ್: ಹಲ್ಲಿನ ವಿಷಯ.

ಸಮಯದಾಕೆ: ನಿಮ್ಮ ಹಲ್ಲಾ?

ಡ್ರೈವರ್: ಯಾರ ಹಲ್ಲು ಅನ್ನೋದೇ ವಿಷಯ.

ಸಮಯದಾಕೆ: ಗಂಟೆ ಹೊಡೆದ ಮೇಲೆ ಹಲ್ಲುನೋವು, ತಲೆನೋವು ಅಂದವರನ್ನ ನಾನು ಬೇಕಾದಷ್ಟು ನೋಡಿದ್ದೀನಿ. ಹಾಳೆ ಕಟ್ಟಾಯ್ತು.

ಅಂಗಡಿಯಮ್ಮ: ವ್ಯಾನು ಹೊರಗೆ ತಗೊಂಡು ಹೋಗಿ ನಮ್ಮ ಹಿಂದೆ ಬಾ.

ಡ್ರೈವರ್: ಹಿಂದೆ ಲಾರಿ ನಿಂತಿದೆ. ಅದರ ಹಿಂದೆ ಕಮಾನು ಬಿದ್ದಿದೆ.

ಅಂಗಡಿಯಮ್ಮ ಮೇಜಿನ ಮೇಲೆ ಎರಡೂ ಕೈ ಊರಿದಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಮಾತು ಮಾತ್ರ ಅಂಗಡಿಯಲ್ಲಿ ಔಷಧಿಯ ಅವಧಿ ಮುಗಿದಿದೆಯೇ ಎಂದು ಕೇಳುವ ಹಾಗೆ ಬಂತು.

ಅಂಗಡಿಯಮ್ಮ: ನೀವು ಕೊನೆಯ ವಾಹನ ಬಂತು ಅಂತ ಹೇಗೆ ತಿಳ್ಕೊಂಡ್ರಿ? ವ್ಯಾನು ನೋಡಿಯಾ, ಫಲಕ ನೋಡಿಯಾ?

ಸಮಯದಾಕೆ: ಫಲಕ ನೋಡಿ. ಬಿಳಿ ವ್ಯಾನು ಊರು ತುಂಬ ಇವೆ.

ಅಂಗಡಿಯಮ್ಮ: ಹಾಗಾದ್ರೆ ಫಲಕ ಹೊರಗೆ ಹೋಗಿ ನಮ್ಮ ಹಿಂದೆ ಬರ್ಲಿ. ಆಗ ಒಪ್ತೀರಾ?

ಸಮಯದಾಕೆ ಕನ್ನಡಕ ತೆಗೆದು ಒರೆಸಿದಳು. ನಿಯಮ ತಿಳಿದವರಿಗೆ ನಿಯಮದಲ್ಲೇ ಒಂದು ಕಿಂಡಿ ಕಂಡರೆ ಒಳಗೊಳಗೇ ಖುಷಿ.

ಸಮಯದಾಕೆ: ಆ ತಿರುವಿನಿಂದ ಬರಬೇಕು. ಇಲ್ಲೇ ಎರಡು ಹೆಜ್ಜೆ ಹಿಂದೆ ಇಟ್ಟು ಮುಂದೆ ಇಟ್ರೆ ಒಪ್ಪಲ್ಲ. ನೀವು ಮುಂದೆ, ಫಲಕ ಹಿಂದೆ, ಮೂವರೂ ಇಪ್ಪತ್ತರೊಳಗೆ. ಇನ್ನು ಮೂರು ನಿಮಿಷ ಇದೆ.

ಡ್ರೈವರ್: ನೂರು ಮೀಟರು ಇದೆ ಅದು. ಫಲಕ ಮರದ್ದು. ನಾನು ರಬ್ಬರ್ ಚಪ್ಪಲಿ ಹಾಕ್ಕೊಂಡಿದ್ದೀನಿ.

ಅಂಗಡಿಯಮ್ಮ: ಬಿಚ್ಚು.

ಡ್ರೈವರ್: ಚಪ್ಪಲೀನಾ?

ಅಂಗಡಿಯಮ್ಮ: ಫಲಕಾನ.

ಮೇಷ್ಟ್ರು ಹಗ್ಗ ಬಿಚ್ಚಿದರು. ಡ್ರೈವರ್ ಫಲಕವನ್ನು ತಲೆಯ ಮೇಲೆ ಹೊತ್ತು ಹೊರಟ. ಅವನನ್ನು ಒಬ್ಬನನ್ನೇ ಬಿಟ್ಟರೆ ತಿರುವಿನಲ್ಲಿ ಯಾರಾದರೂ ಸಿಕ್ಕಿ ಮಾತಿಗೆ ನಿಂತಾನೆಂದು ಅಂಗಡಿಯಮ್ಮ ಅವನ ಹಿಂದೆಯೇ ಅಟ್ಟಿಕೊಂಡು ಹೋದಳು. ಮೇಷ್ಟ್ರೂ ಹೋದರು. ತಿರುವು ಮುಟ್ಟುವಷ್ಟರಲ್ಲಿ ಡ್ರೈವರಿನ ಮುಖ ಬೀಟ್‌ರೂಟಿನ ಬಣ್ಣಕ್ಕೆ ಬಂದಿತ್ತು.

ಅಂಗಡಿಯಮ್ಮ: ಈಗ ವಾಪಸ್. ನಮ್ಮ ಹಿಂದೆ. ಬಾ.

ಡ್ರೈವರ್: ನೀವು... ಹೋಗಿ. ನಾನು... ಮೆಲ್ಲಗೆ...

ಅಂಗಡಿಯಮ್ಮ: ನೀನು ಬರದೆ ನಾನು ಹೋದ್ರೆ ಲೆಕ್ಕಕ್ಕಿಲ್ಲ. ಎದೆ ಎತ್ತು. ಬಾಯಿ ಮುಚ್ಚು.

ಮೇಷ್ಟ್ರು: ಬಾಯಿ ಮುಚ್ಚಿದ್ರೆ ಉಸಿರು ಹೇಗೆ ಬಿಡ್ತಾರೆ?

ಅಂಗಡಿಯಮ್ಮ: ಅವನಿಗೆ ಅದೂ ಒಂದು ಅನುಭವ ಆಗ್ಲಿ. ಒಂದು ನಿಮಿಷ ಹತ್ತು ಸೆಕೆಂಡು ಇದೆ. ನಡಿಯೋ ಮಾರಾಯ, ನಡಿ.

ಡ್ರೈವರ್: ಒಂದು... ಚಪ್ಪಲಿ... ಹೋಯ್ತು.

ಅಂಗಡಿಯಮ್ಮ: ಇನ್ನೊಂದಿದೆಯಲ್ಲ.

ಕುರ್ಚಿ ಹೊರುತ್ತಿದ್ದವರು ಕುರ್ಚಿ ಇಳಿಸಿ ನೋಡಿದರು. ಮೊದಲು ಅಂಗಡಿಯಮ್ಮ ಹಿಂದಕ್ಕೆ ತಿರುಗಿ ತಿರುಗಿ ಗದರಿಕೊಂಡು ಗೆರೆ ದಾಟಿದಳು. ಆಮೇಲೆ ಮೇಷ್ಟ್ರು. ಕೊನೆಯಲ್ಲಿ ಒಂದು ಮರದ ಫಲಕ, ಅದರ ಕೆಳಗೆ ಎರಡು ಕಾಲು, ಒಂದು ಚಪ್ಪಲಿ. ಸಮಯದಾಕೆ ರಬ್ಬರು ತೆಗೆದು ಹಾಳೆಯ ಗೆರೆಯನ್ನು ಅಳಿಸಿ, ಎರಡು ನಂಬರುಗಳನ್ನು ಬರೆದಳು. ಅವುಗಳ ಕೆಳಗೆ, ‘ಕೊನೆಯ ವಾಹನ, ಕಾಲ್ನಡಿಗೆಯಲ್ಲಿ, ಮೂರು ಗಂಟೆ ಹತ್ತೊಂಬತ್ತು ನಿಮಿಷ ಐವತ್ತೊಂದು ಸೆಕೆಂಡು’ ಎಂದು ಬರೆದು ಮತ್ತೆ ಗೆರೆ ಎಳೆದಳು.

ಡ್ರೈವರ್ ಹುಲ್ಲಿನ ಮೇಲೆ ಅಂಗಾತ ಮಲಗಿದ್ದ. ಅಂಗಡಿಯಮ್ಮ ಅವನ ತಲೆಯ ಹತ್ತಿರ ಹೋಗಿ ನಿಂತಳು.

ಅಂಗಡಿಯಮ್ಮ: ಗೆರೆ ದಾಟಿದ್ದೀನಿ. ಹೇಳು. ಬಿಸ್ಕತ್ತು ಯಾರು ಕಚ್ಚಿದ್ರು?

ಡ್ರೈವರ್: ಗಾಳಿ... ಬರ್ಲಿ.

ಅಂಗಡಿಯಮ್ಮ: ಬಂತಾ?

ಡ್ರೈವರ್: ಕಚ್ಚಿಲ್ಲ. ಪರೀಕ್ಷೆ ನಾಳೆ ಇಟ್ಟಿದ್ದಾರೆ. ಕಾವಲುಗಾರನ ಅತ್ತೆ ಊರಿಂದ ಬರಬೇಕು.

ಮೇಷ್ಟ್ರು: ಅಂದ್ರೆ ಉತ್ತರ ಗೊತ್ತಿಲ್ಲದೆ ನಮ್ಮನ್ನ ಎಂಟು ಕಿಲೋಮೀಟರು ಓಡಿಸಿದ್ರಾ?

ಡ್ರೈವರ್: ಗೊತ್ತಿದ್ದಿದ್ರೆ ಹದಿನಾಲ್ಕನೇ ಕಲ್ಲಲ್ಲೇ ಬಾಯಿ ಬಿಟ್ಬಿಡ್ತಿದ್ದೆ ಸಾರ್. ನನ್ನ ಬಾಯಿ ನಿಮಗೆ ಗೊತ್ತಿಲ್ಲ.

ಅಂಗಡಿಯಮ್ಮ ಬಗ್ಗಿ ತನ್ನ ಬೂಟಿನ ಲೇಸನ್ನು ಸಡಿಲಿಸಿದಳು.

ಅಂಗಡಿಯಮ್ಮ: ಬರೋ ಭಾನುವಾರ ಬೆಳಿಗ್ಗೆ ಆರಕ್ಕೆ ಬಂದು ಹೇಳು.

ಡ್ರೈವರ್: ಅಂಗಡಿಗಾ?

ಅಂಗಡಿಯಮ್ಮ: ಭಾನುವಾರ ನಾನು ಅಂಗಡೀಲಿರಲ್ಲ. ನೀರಿನ ಟ್ಯಾಂಕಿನ ಹತ್ರ ಬಾ. ವ್ಯಾನು ಬೇಡ, ಬೂಟು ಹಾಕ್ಕೊಂಡು ಬಾ. ಓಡ್ತಾ ಹೇಳು. ಇವತ್ತು ಓಡಿಸಿದ್ದಕ್ಕೆ ದಂಡ, ಹಲ್ಲಿಗೊಂದು ಕಿಲೋಮೀಟರು.

ಮೇಷ್ಟ್ರು: ಒಂದು ಸೆಟ್ಟಿಗೆ ಇಪ್ಪತ್ತೆಂಟು ಹಲ್ಲು. ಒಳ್ಳೇ ದೂರ. ನಾನೂ ಬರಬಹುದಾ?

ಡ್ರೈವರ್ ಮೊಣಕೈ ಊರಿ ಎದ್ದು ಕೂತ.

ಡ್ರೈವರ್: ಇಪ್ಪತ್ತೆಂಟಾ? ಅಮ್ಮಾವ್ರೇ, ಸಿಕ್ಕಿರೋದು ಮೇಲಿನ ಸಾಲು ಮಾತ್ರ.